ಕೆರಟಿನ್ ಹೊಗೆಗೆ ‘ಅಭ್ಯಾಸ’ ಆಗುತ್ತಾ?

ಪ್ರಶ್ನೆ: ಮೇಡಂ, ನಾನು ಬೈಂದೂರು ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು 7 ವರ್ಷ ಆಯಿತು. 5 ವರ್ಷದಿಂದ ಇಲ್ಲೇ ಒಂದು ಪಾರ್ಲರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲು ಥ್ರೆಡಿಂಗ್, ವ್ಯಾಕ್ಸಿಂಗ್ ಅಷ್ಟೇ ಇತ್ತು. ಈಗ 2 ವರ್ಷದಿಂದ ಕೆರಟಿನ್ (ಕ್ರೀಮ್ ಹಚ್ಚಿ, ಕಾಸಿ ಕೂದಲು ನೇರ ಮಾಡುವುದು), ಹೇರ್ ಕಲರ್, ಹೈಲೈಟ್ ಎಲ್ಲಾ ನಾನೇ ಮಾಡುವುದು. ಕೆರಟಿನ್ ಮಾಡುವಾಗ ಕಣ್ಣು ಉರಿದು ನೀರು ಸುರಿಯುತ್ತದೆ, ಗಂಟಲು ಕೆರೆಯುತ್ತದೆ. ರಾತ್ರಿ ಮಲಗಿದ ಮೇಲೆ ಕೆಮ್ಮು. ಬೆರಳ ಸಂದಿ ಒಡೆದು ಸಾರಿಗೆ ಉಪ್ಪು ಹಾಕಲೂ ಆಗುವುದಿಲ್ಲ, ಅಷ್ಟು ಉರಿ. ನಮ್ಮ ಓನರ್ ಮೇಡಂ ಒಳ್ಳೆಯವರೇ, ಆದರೆ ಕೇಳಿದರೆ ‘ಸವಯ್ ಹೋಯೀಲ್’ ಅನ್ನುತ್ತಾರೆ, ಅಭ್ಯಾಸ ಆಗುತ್ತೆ ಅಂತ. ಬಾಟಲಿ ಮೇಲೆ ಫಾರ್ಮಾಲ್ಡಿಹೈಡ್ ಅನ್ನುವ ಕೆಮಿಕಲ್ ಇಲ್ಲ ಎಂದು ದೊಡ್ಡದಾಗಿ ಬರೆದಿದೆ. ನಾನು ಎನ್95 ಮಾಸ್ಕ್ ಕೂಡ ಹಾಕುತ್ತೇನೆ. ಮಗು ಮಾಡಿಕೊಳ್ಳುವ ಯೋಚನೆಯೂ ಇದೆ. ಕೆಲಸ ಬಿಡಬೇಕಾ? ಬಿಟ್ಟರೆ ಮನೆ ನಡೆಯುವುದು ಕಷ್ಟ.

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆಲಸ ಬಿಡಬೇಕಾಗಿಲ್ಲ. ಆದರೆ ಕೆರಟಿನ್ ಮಾಡುವುದನ್ನು ಈ ವಾರದಿಂದಲೇ ನಿಲ್ಲಿಸಿ, ಕೊನೆಪಕ್ಷ ಆ ರಾತ್ರಿ ಕೆಮ್ಮು ಏನು ಅಂತ ಗೊತ್ತಾಗುವವರೆಗೆ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಒಂದಲ್ಲ, ಮೂರು ಬೇರೆ ಬೇರೆ ತೊಂದರೆ ಇವೆ: ಕಣ್ಣು-ಗಂಟಲಿನ ಉರಿ, ರಾತ್ರಿ ಕೆಮ್ಮು, ಕೈಯ ಒಡಕು. ಮೂರಕ್ಕೂ ಒಂದೇ ಮದ್ದು ಕೆಲಸ ಮಾಡುವುದಿಲ್ಲ.

ನಾನು ಇಪ್ಪತ್ತು ವರ್ಷ ಅಂಬರನಾಥ, ತಾರಾಪುರದ ಕಾರ್ಖಾನೆಗಳಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಂಡವಳು. ಅಲ್ಲಿ ಫಾರ್ಮಾಲ್ಡಿಹೈಡ್ ಡ್ರಮ್ ಇಟ್ಟಿದ್ದಾರೆ ಅಂದರೆ ಗಾಳಿ ಅಳೆಯಬೇಕು, ರಿಜಿಸ್ಟರ್‌ನಲ್ಲಿ ಬರೆಯಬೇಕು. ನಾನಿದ್ದಾಗಿನ ಕಾರ್ಖಾನೆ ಕಾಯ್ದೆಯಲ್ಲಿ ಅದಕ್ಕೊಂದು ಮಿತಿಯ ಪಟ್ಟಿಯೇ ಇತ್ತು. ಅದೇ ವಸ್ತು ಚಂದದ ಬಾಟಲಿಗೆ ಸೇರಿ, ಗುಲಾಬಿ ವಾಸನೆ ಹಚ್ಚಿಕೊಂಡು, 10 ಅಡಿ 12 ಅಡಿಯ ಎಸಿ ರೂಮಿಗೆ ಬಂದರೆ ಅಳೆಯುವವರು ಯಾರೂ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಈಗ ‘ಸವಯ್’ ವಿಷಯ. ಓನರ್ ಮೇಡಂ ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೆ ಅನ್ನಿಸಿದೆ. ಮಲ್ಪೆ ಬಂದರಿಗೆ ಹೋದರೆ ಮೊದಲ ಹತ್ತು ನಿಮಿಷ ಮೀನಿನ ವಾಸನೆ, ಆಮೇಲೆ ವಾಸನೆಯೇ ಇಲ್ಲ, ಅಲ್ವಾ? ಮೀನು ಎಲ್ಲೂ ಹೋಗಿರುವುದಿಲ್ಲ. ಮೂಗಿಗೆ ಸುಸ್ತಾಗಿರುತ್ತದೆ ಅಷ್ಟೇ. ಅಭ್ಯಾಸ ಆಗುವುದು ಮೂಗಿಗೆ. ಶ್ವಾಸಕೋಶಕ್ಕೂ ಚರ್ಮಕ್ಕೂ ಆಗುವುದು ಇದಕ್ಕೆ ತಿರುಗುಮುರುಗು. ಪಾರ್ಲರ್‌ನ ಕೆಲವು ಕೆಮಿಕಲ್‌ಗಳಿಗೆ ಮೈ ಒಮ್ಮೆ ಅಲರ್ಜಿ ಹಿಡಿಯಿತು ಅಂದರೆ ಮುಂದೆ ತೀರಾ ಕಡಿಮೆ ಸಾಕು, ಚಿಟಿಕೆಯಷ್ಟು ಸೋಕಿದರೂ ಮೈ ಸಿಡಿದೇಳುತ್ತದೆ. ಮೊದಲ ವರ್ಷ ಏನೂ ಆಗದೆ, ಮೂರನೇ ವರ್ಷ ಶುರುವಾಗಿ, ಐದನೇ ವರ್ಷಕ್ಕೆ ಬಾಟಲಿಯ ಮುಚ್ಚಳ ತೆಗೆದರೂ ಕೆಮ್ಮು ಬರುವವರನ್ನು ನೋಡಿದ್ದೇನೆ. ‘ಇಷ್ಟು ವರ್ಷ ಆಗದೇ ಇದ್ದದ್ದು ಈಗ ಹೇಗೆ ಆಗುತ್ತೆ’ ಅಂತ ಅವರೇ ಕೇಳುತ್ತಾರೆ. ಇಷ್ಟು ವರ್ಷ ಮಾಡಿದ್ದಕ್ಕೇ ಆಗಿದ್ದು.

ಬಾಟಲಿಗೆ ಬರೋಣ. ಮುಂದಿನ ಲೇಬಲ್ ಬಿಡಿ, ಅದು ಗಿರಾಕಿಗಾಗಿ ಬರೆದದ್ದು. ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಇರುವುದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಫಾರ್ಮಾಲಿನ್, ಮೆಥಿಲೀನ್ ಗ್ಲೈಕಾಲ್, ಮೆಥನಲ್, ಮೆಥೇನ್‌ಡಯಾಲ್, ಈ ನಾಲ್ಕರಲ್ಲಿ ಯಾವುದಿದ್ದರೂ ಅದು ಫಾರ್ಮಾಲ್ಡಿಹೈಡೇ. ಫಾರ್ಮಾಲ್ಡಿಹೈಡ್ ನಿಜದಲ್ಲಿ ಗ್ಯಾಸ್. ನೀರಲ್ಲಿ ಕರಗಿಸಿದಾಗ ಮೆಥಿಲೀನ್ ಗ್ಲೈಕಾಲ್ ಎಂಬ ಬೇರೆ ಹೆಸರು ಪಡೆಯುತ್ತದೆ. ಕಾಸಿದರೆ ಮತ್ತೆ ಗ್ಯಾಸ್. ನೀವು ಕೂದಲಿಗೆ ಹಚ್ಚಿ, ಬ್ಲೋ ಡ್ರೈ ಮಾಡಿ, 230 ಡಿಗ್ರಿ ಬಿಸಿಯ ಫ್ಲ್ಯಾಟ್ ಐರನ್ ಎಳೆಯುತ್ತೀರಲ್ಲ, ಆಗ ‘ಸ್ಸ್’ ಅಂತ ಏಳುವ ಬಿಳಿ ಹೊಗೆ ಬರೀ ನೀರಾವಿ ಅಲ್ಲ. ಬಾಟಲಿಯಲ್ಲಿ ಗ್ಯಾಸ್ ಇಲ್ಲ, ಹಾಗಾಗಿ ‘ಇಲ್ಲ’ ಅಂತ ಬರೆದೆವು ಎಂಬುದು ಕಂಪನಿಗಳ ವಾದ. ಹಾಲಲ್ಲಿ ಮೊಸರಿಲ್ಲ ಅಂದ ಹಾಗೆ.

ಇದು ಬರೀ ಅನುಮಾನ ಅಲ್ಲ. ಅಮೆರಿಕದ ಆರೆಗನ್ ರಾಜ್ಯದಲ್ಲಿ 2010ರಲ್ಲಿ ಸಲೂನ್ ಕೆಲಸಗಾರರು ಇದೇ ನಿಮ್ಮ ತರಹ ಕಣ್ಣುರಿ, ಗಂಟಲು, ಮೂಗಿನ ತೊಂದರೆ ಎಂದು ದೂರಿದ ಮೇಲೆ ಅಲ್ಲಿನ ಕೆಲಸದ ಸುರಕ್ಷತೆಯ ಇಲಾಖೆ ಬಾಟಲಿಗಳನ್ನು ಪರೀಕ್ಷೆಗೆ ಹಾಕಿತು. ಬ್ರೆಜಿಲಿಯನ್ ಬ್ಲೋಔಟ್ ಎಂಬ ಹೆಸರಿನ, ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದೇ ಮಾರುತ್ತಿದ್ದ ಮಾಲು ಅದು. 2011ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಆಹಾರ, ಔಷಧ, ಕಾಸ್ಮೆಟಿಕ್ಸ್ ಮೇಲೆ ಕಣ್ಣಿಡುವ ಇಲಾಖೆ, ಆ ಕಂಪನಿಗೆ ಎಚ್ಚರಿಕೆ ಪತ್ರ ಬರೆಯಿತು. ಅದರಲ್ಲಿದ್ದ ಮೆಥಿಲೀನ್ ಗ್ಲೈಕಾಲ್ ಶೇ 8.7ರಿಂದ 10.4. ಅಂದರೆ ನೂರು ಗ್ರಾಂನಲ್ಲಿ ಹತ್ತು ಗ್ರಾಂನಷ್ಟು! ದೂರು ಕೊಟ್ಟವರು ಗಿರಾಕಿಗಳಲ್ಲ, ನಿಮ್ಮಂಥ ಕೆಲಸಗಾರರು ಎಂಬುದನ್ನು ಗಮನಿಸಿ. ಗಿರಾಕಿ ಆ ಹೊಗೆ ಕುಡಿಯುವುದು ಆರು ತಿಂಗಳಿಗೊಮ್ಮೆ. ನೀವು ದಿನಾ.

ನೀವು ಕರಾವಳಿಯವರು, ನಿಮಗೆ ಇದನ್ನು ಹೇಳಿದರೆ ಬೇಗ ಅರ್ಥ ಆಗುತ್ತದೆ. 2018ರ ಜುಲೈನಲ್ಲಿ ಗೋವಾದಲ್ಲಿ ಹೊರಗಿಂದ ಬರುವ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆ ಅಂತ ಎಷ್ಟು ಗಲಾಟೆ ಆಯಿತು, ಸರ್ಕಾರ ಕೆಲವು ದಿನ ಹೊರಗಿನ ಮೀನನ್ನೇ ನಿಲ್ಲಿಸಿತ್ತು, ನೆನಪಿದೆಯಾ? ಜನ ವಾರಗಟ್ಟಲೆ ಮೀನು ಮುಟ್ಟಲಿಲ್ಲ. ಆ ಫಾರ್ಮಾಲಿನ್ ಮತ್ತು ಈ ಕೆರಟಿನ್ ಬಾಟಲಿಯದ್ದು ಒಂದೇ ವಸ್ತು. ಮೀನಲ್ಲಿ ಇದ್ದರೆ ಬೀದಿಗಿಳಿಯುತ್ತೇವೆ, ತಲೆಗೆ ಹಚ್ಚಿ ಕಾಸಿದರೆ ಸಾವಿರಗಟ್ಟಲೆ ಕೊಟ್ಟು ಬರುತ್ತೇವೆ.

ಎಷ್ಟಿದ್ದರೆ ಜಾಸ್ತಿ? ಅಮೆರಿಕದ ನಯೋಶ್ ಎಂಬ ಸರ್ಕಾರಿ ಸಂಸ್ಥೆ 15 ನಿಮಿಷಕ್ಕೆ ಇಟ್ಟಿರುವ ಮಿತಿ, ಹತ್ತು ಲಕ್ಷ ಪಾಲು ಗಾಳಿಯಲ್ಲಿ 0.1 ಪಾಲು. ಹೆಚ್ಚಿನವರಿಗೆ ಕಣ್ಣು ಉರಿಯಲು ಅದಕ್ಕಿಂತ ಜಾಸ್ತಿಯೇ ಬೇಕು. ಹಾಗಾಗಿ ನಿಮ್ಮ ಕಣ್ಣಲ್ಲಿ ನೀರು ಬರುತ್ತಿದೆ ಅಂದರೆ ಅಳೆಯುವ ಯಂತ್ರ ತರಿಸದೆಯೂ ನಾನು ಹೇಳಬಲ್ಲೆ, ಬಹುತೇಕ ಮಿತಿ ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೂದಲು ಕತ್ತರಿಸುವ, ಬಣ್ಣ ಹಾಕುವ ವೃತ್ತಿಯನ್ನೇ ‘ಕ್ಯಾನ್ಸರ್ ತರುವ ಸಂಭವ ಇದೆ’ ಎಂಬ ಎರಡನೇ ಗುಂಪಿನಲ್ಲಿ ಇಟ್ಟಿದೆ, ಮುಖ್ಯವಾಗಿ ಮೂತ್ರಕೋಶದ ಕ್ಯಾನ್ಸರ್ ಲೆಕ್ಕದಲ್ಲಿ. ಗಾಬರಿ ಆಗಬೇಡಿ. ಈ ಗುಂಪುಗಳು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ, ನಿಮಗೆ ಬರುತ್ತದೆ ಅಂತ ಅಲ್ಲ. 2 ವರ್ಷ ಮಾಡಿದ್ದಕ್ಕೆ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ, 20 ವರ್ಷ ಮಾಡುವುದೂ ಬೇಡ.

ಇನ್ನು ಹಿಂದಿನ ಲೇಬಲ್‌ನಲ್ಲಿ ಮೇಲಿನ ನಾಲ್ಕೂ ಇಲ್ಲ, ಗ್ಲೈಆಕ್ಸಿಲಿಕ್ ಆಸಿಡ್ ಅಂತ ಇದೆ ಅಂದುಕೊಳ್ಳಿ. ಈಗ ಬರುವ ಎಷ್ಟೋ ‘ಸೇಫ್’ ಕೆರಟಿನ್ ಇದೇ. ಇದಕ್ಕೂ ಕಾಸಿದಾಗ ಹೊಗೆ ಇದೆ. ಜೊತೆಗೆ ಇನ್ನೊಂದು ತಕರಾರು. 2024ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ವೈದ್ಯರು 26 ವರ್ಷದ ಹುಡುಗಿಯೊಬ್ಬಳ ಕೇಸು ಬರೆದರು. ಅವಳು ಮೂರು ಸಲ ಕೂದಲು ನೇರ ಮಾಡಿಸಿಕೊಂಡಳು, ಮೂರೂ ಸಲ ಕಿಡ್ನಿಗೆ ಪೆಟ್ಟು ಬಿತ್ತು. ಹಚ್ಚಿದ ಕ್ರೀಮ್‌ನಲ್ಲಿ ಶೇ 10 ಗ್ಲೈಆಕ್ಸಿಲಿಕ್ ಆಸಿಡ್. ಅದು ತಲೆಯ ಚರ್ಮದಿಂದ ಒಳಗಿಳಿದು ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ ಎಂಬುದು ಅವರ ತರ್ಕ. ಇಸ್ರೇಲ್‌ನಲ್ಲೂ ಇಂಥ ಕೇಸುಗಳು ಬಂದಿವೆ. ಒಡೆದ ಬೆರಳಿನಲ್ಲಿ ಗ್ಲೌಸ್ ಇಲ್ಲದೆ ಆ ಕ್ರೀಮ್ ಮುಟ್ಟುವ ಧೈರ್ಯ ನಾನಂತೂ ಮಾಡುವುದಿಲ್ಲ.

ಕ್ರಾಫರ್ಡ್ ಮಾರ್ಕೆಟ್ ಕಡೆಯಿಂದ ದೊಡ್ಡ ಕ್ಯಾನ್‌ನಲ್ಲಿ ತಂದು, ಚಂದದ ಬಾಟಲಿಗೆ ತುಂಬಿಕೊಳ್ಳುವ ಪದ್ಧತಿ ನಿಮ್ಮಲ್ಲಿ ಇದೆಯಾ? ಇದ್ದರೆ ಮೇಲಿನ ಮಾತೆಲ್ಲ ವ್ಯರ್ಥ. ಒಳಗೆ ಏನಿದೆ ಅಂತ ದೇವರಿಗೇ ಗೊತ್ತು. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಲೇಬಲ್ ಮೇಲೆ ಒಳಗಿನ ಪದಾರ್ಥಗಳ ಪಟ್ಟಿ, ತಯಾರಿಕೆಯ ಲೈಸೆನ್ಸ್ ನಂಬರ್ ಇರಬೇಕು, ಹೊರದೇಶದ್ದಾದರೆ ನೋಂದಣಿ ನಂಬರ್ ಮತ್ತು ತರಿಸಿಕೊಂಡವರ ಹೆಸರು, ವಿಳಾಸ ಇರಬೇಕು. ಇಲ್ಲದ ಮಾಲು ಬಂದರೆ ಮಹಾರಾಷ್ಟ್ರ ಎಫ್‌ಡಿಎಗೆ ದೂರು ಕೊಡಬಹುದು, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಅವರ ಕಚೇರಿ ಇದೆ.

ಎನ್95 ಬಗ್ಗೆ ಹೇಳಲು ಬೇಜಾರಾಗುತ್ತದೆ, ಯಾಕೆಂದರೆ ನೀವು ಸ್ವಂತ ದುಡ್ಡಲ್ಲಿ ತಂದಿರುತ್ತೀರಿ. ಅದು ಧೂಳು ಹಿಡಿಯುತ್ತದೆ, ಗ್ಯಾಸ್ ಹಿಡಿಯುವುದಿಲ್ಲ. ಬಲೆ ಬೀಸಿ ನೀರು ಹಿಡಿಯಲು ಹೊರಟ ಹಾಗೆ. ನೇಲ್ ಫೈಲ್ ಮಾಡುವಾಗ ಏಳುವ ಪುಡಿಗೆ, ಬ್ಲೀಚ್ ಪುಡಿಗೆ ಅದು ಒಳ್ಳೆಯದೇ, ಅಲ್ಲಿಗೆ ಇಟ್ಟುಕೊಳ್ಳಿ. ಗ್ಯಾಸಿಗೆ ಬೇಕಾದದ್ದು ಎರಡು ಕಡೆ ಡಬ್ಬಿ ಇರುವ ರಬ್ಬರ್ ಮಾಸ್ಕ್, ಅದರಲ್ಲೂ ಫಾರ್ಮಾಲ್ಡಿಹೈಡ್‌ಗೆ ಅಂತಲೇ ಬರುವ ಕಾರ್ಟ್ರಿಜ್. ಮಸೀದಿ ಬಂದರ್ ಸ್ಟೇಷನ್‌ನಿಂದ ನಡೆದು ನಾಗದೇವಿ ಸ್ಟ್ರೀಟ್‌ಗೆ ಹೋದರೆ ಕಾರ್ಖಾನೆಗೆ ಬೇಕಾದ ಸೇಫ್ಟಿ ಸಾಮಾನಿನ ಅಂಗಡಿಗಳಿವೆ, ಕೇಳಿ ನೋಡಬಹುದು. ಆದರೆ ಅದನ್ನು ಹಾಕಿಕೊಂಡು ನೀವು ನಿಂತರೆ ಗಿರಾಕಿ ಕುರ್ಚಿಯಲ್ಲಿ ಕೂರುತ್ತಾಳಾ? ‘ಇವಳಿಗೆ ಮಾಸ್ಕ್, ನನಗೆ?’ ಅಂತ ಕೇಳುತ್ತಾಳೆ. ಕೇಳಲೂಬೇಕು. ಹಾಗಾಗಿ ಮಾಸ್ಕ್ ಕೊನೆಯ ಮಾತು. ಮೊದಲು ಮಾಲು ಬದಲಾಗಬೇಕು, ಆಮೇಲೆ ಗಾಳಿ.

ಗಾಳಿಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಕಳೆದ ವರ್ಷ ಠಾಣೆಯಲ್ಲಿ ನಮ್ಮ ಪರಿಚಯದ ಹೆಂಗಸೊಬ್ಬರು ತಮ್ಮ ಪಾರ್ಲರ್ ನೋಡಲು ಕರೆದರು. ಗಾಜಿನ ಬಾಗಿಲು, ಕೆಳಗೆ ರಬ್ಬರ್ ಪಟ್ಟಿ, ಒಂದು ಸ್ಪ್ಲಿಟ್ ಎಸಿ, ಹಿಂದಿನ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್. ‘ಎಕ್ಸಾಸ್ಟ್ ಇದೆ ಡಾಕ್ಟ್ರೇ, ಆದರೂ ಹುಡುಗಿಯರಿಗೆ ತಲೆನೋವು’ ಅಂದರು. ನಾನು ದೇವರ ಪಟದ ಹತ್ತಿರ ಇದ್ದ ಊದುಬತ್ತಿ ಹಚ್ಚಿ, ಕುರ್ಚಿಯಲ್ಲಿ ಗಿರಾಕಿಯ ತಲೆ ಇರುವ ಎತ್ತರಕ್ಕೆ ಹಿಡಿದೆ. ಹೊಗೆ ನೇರ ಮೇಲೆ ಹೋಗಲಿಲ್ಲ. ಹಿಂದೆ ಬಾಗಿ, ಕೆಲಸದ ಹುಡುಗಿ ನಿಂತಿದ್ದಳಲ್ಲ, ಅವಳ ಗಲ್ಲ ಸವರಿ, ಮೂಗಿನ ಮುಂದೆ ಸುರುಳಿ ಸುತ್ತಿ, ಆಮೇಲೆ ಫ್ಯಾನಿಗೆ ಹೋಯಿತು. ಫ್ಯಾನ್ ಇದ್ದದ್ದು ಅವಳ ಬೆನ್ನ ಹಿಂದೆ. ಅಂದರೆ ಎರಡು ವರ್ಷದಿಂದ ಆ ಫ್ಯಾನು ಅಷ್ಟೂ ಹೊಗೆಯನ್ನು ಅವಳ ಮುಖದ ಮೇಲಿಂದಲೇ ಎಳೆಯುತ್ತಿತ್ತು. ಕುರ್ಚಿ ಮತ್ತು ಕನ್ನಡಿಯನ್ನು ಎದುರು ಗೋಡೆಗೆ ತಿರುಗಿಸಿದೆವು, ಫ್ಯಾನ್ ಈಗ ಗಿರಾಕಿಯ ಮುಂದೆ ಬಂತು, ಹೊಗೆ ಹುಡುಗಿಯಿಂದ ಆಚೆ ಹೋಯಿತು. ಖರ್ಚು, ಕನ್ನಡಿ ಬಿಚ್ಚಿ ಕೂರಿಸಿದ ಬಡಗಿಯ ಕೂಲಿ ಮಾತ್ರ.

ನೀವೂ ಇದನ್ನು ಮಾಡಿ ನೋಡಿ. ಒಂದು ಎಚ್ಚರಿಕೆ: ಊದುಬತ್ತಿ ಹಚ್ಚುವ ಮೊದಲು ಅಸಿಟೋನ್, ನೇಲ್ ರಿಮೂವರ್, ಸ್ಪ್ರೇ ಎಲ್ಲವನ್ನೂ ಮುಚ್ಚಿ ದೂರ ಇಡಿ, ಅಸಿಟೋನ್‌ನ ಆವಿಗೆ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ, ಏನೂ ಬಿಚ್ಚುವ ಮೊದಲು ಮಾಡಿದರೆ ಒಳ್ಳೆಯದು.

ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಬೆಳಿಗ್ಗೆ 11ಕ್ಕೆ ಮಾಡಿದ ಕೆರಟಿನ್‌ನ ಹೊಗೆಯನ್ನು 3 ಗಂಟೆಗೆ ಐಬ್ರೋ ಮಾಡಿಸಲು ಬಂದವಳೂ ಕುಡಿಯುತ್ತಾಳೆ. 10 ಅಡಿ 12 ಅಡಿಯ, 9 ಅಡಿ ಎತ್ತರದ ರೂಮಿನಲ್ಲಿ ಸುಮಾರು 30 ಘನ ಮೀಟರ್ ಗಾಳಿ ಇರುತ್ತದೆ. ಎಕ್ಸಾಸ್ಟ್ ಫ್ಯಾನಿನ ಡಬ್ಬದ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಎಳೆಯುತ್ತದೆ ಎಂದು ಬರೆದಿರುತ್ತದೆ. 300 ಅಂತ ಇದ್ದರೆ ಗಂಟೆಗೆ ಹತ್ತು ಸಲ ರೂಮಿನ ಗಾಳಿ ಬದಲಾಯಿತು ಅಂತ ಲೆಕ್ಕ. ಆದರೆ ಎಳೆಯಲು ಗಾಳಿ ಒಳಗೆ ಬರಬೇಕಲ್ಲ? ಬಾಗಿಲಿನ ಸಂದಿಗೆಲ್ಲ ರಬ್ಬರ್ ಪಟ್ಟಿ ಹೊಡೆದಿದ್ದರೆ ಫ್ಯಾನು ಸುಮ್ನೆ ತಿರುಗುತ್ತದೆ. ಫ್ಯಾನಿನ ಎದುರು ದಿಕ್ಕಿನಿಂದ ಗಾಳಿ ಬರುವ ಹಾಗೆ ಬಾಗಿಲು ನಾಲ್ಕು ಬೆರಳಷ್ಟು ತೆರೆದಿಡಿ. ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ. ಫ್ಯಾನಿನ ರೆಕ್ಕೆ ಮೇಲೆ ಕೂದಲು, ಜಿಡ್ಡು ಕಟ್ಟಿರುತ್ತದೆ, ಅದನ್ನೂ ತಿಂಗಳಿಗೊಮ್ಮೆ ಒರೆಸಿ.

ಈಗ ರಾತ್ರಿ ಕೆಮ್ಮು. ಇದನ್ನು ಕೆರಟಿನ್ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ. ನೀವು ಹೈಲೈಟ್ ಮಾಡುತ್ತೀರಿ ಅಂತ ಬರೆದಿದ್ದೀರಿ. ಅಂದರೆ ಕೂದಲ ಬಣ್ಣ ತೆಗೆಯುವ ಬ್ಲೀಚ್ ಪುಡಿ. ಆ ಬಿಳಿ ಅಥವಾ ನೀಲಿ ಪುಡಿಯಲ್ಲಿ ಪರ್‌ಸಲ್ಫೇಟ್ ಅನ್ನುವ ಉಪ್ಪುಗಳಿವೆ, ಕೂದಲ ಕೆಲಸದವರಿಗೆ ಆಸ್ತಮಾ ತರುವುದರಲ್ಲಿ ಅವೇ ಮೊದಲನೆಯವು. ಅದರ ಗುಣ ಏನೆಂದರೆ, ಮುಟ್ಟಿದ ಕೂಡಲೇ ಏನೂ ಆಗದೆ, ಎಷ್ಟೋ ಗಂಟೆ ಬಿಟ್ಟು, ಮನೆಗೆ ಹೋಗಿ ಮಲಗಿದ ಮೇಲೆ ಎದೆ ಬಿಗಿಯಬಹುದು. ಹಾಗಾಗಿ ಜನ ಮನೆಯ ಧೂಳಿಗೆ, ಡೊಂಬಿವಲಿಯ ಗಾಳಿಗೆ, ಫ್ಯಾನಿಗೆ ಬೈಯುತ್ತಾರೆ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಗಾಳಿಯೇನೂ ಸಾಚಾ ಅಲ್ಲ ಬಿಡಿ, ಆದರೆ ಪಕ್ಕದ ಮನೆಯವರಿಗೆ ಕೆಮ್ಮು ಇಲ್ಲ ಅಲ್ವಾ?

ಒಂದು ಪ್ರಶ್ನೆ ಕೇಳಿಕೊಳ್ಳಿ. ಚೌತಿಗೆ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುತ್ತೀರಲ್ಲ, ಅಲ್ಲಿ ಮೂರನೇ, ನಾಲ್ಕನೇ ದಿನಕ್ಕೆ ಕೆಮ್ಮು ತಾನಾಗಿ ಕಡಿಮೆ ಆಗುತ್ತದಾ? ವಾಪಸ್ ಬಂದು ಕೆಲಸಕ್ಕೆ ಹೋದ ವಾರದಲ್ಲಿ ಮತ್ತೆ ಶುರುವಾ? ಹೌದು ಅಂದರೆ ನಾನು ತಡ ಮಾಡುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಪೀಕ್ ಫ್ಲೋ ಮೀಟರ್ ಅಂತ, ಉಸಿರು ಬಿಡುವ ರಭಸ ಅಳೆಯುವ ಒಂದು ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ದುಬಾರಿ ಅಲ್ಲ. ಜೋರಾಗಿ ಊದಿದರೆ ಮುಳ್ಳು ಒಂದು ಅಂಕಿಗೆ ಹೋಗಿ ನಿಲ್ಲುತ್ತದೆ. ಎದ್ದಾಗ, ಮಧ್ಯಾಹ್ನ, ಕೆಲಸ ಮುಗಿದಾಗ, ಮಲಗುವ ಮುಂಚೆ, ದಿನಕ್ಕೆ ನಾಲ್ಕು ಹೊತ್ತು. ಪ್ರತಿ ಹೊತ್ತಿಗೆ ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಬರೆಯಿರಿ. ಪಕ್ಕದಲ್ಲಿ ಆ ದಿನ ಏನು ಮಾಡಿದಿರಿ ಅಂತ: ‘ಹೈಲೈಟ್ 1, ಕಲರ್ 2’. ಹೀಗೆ ಮೂರು ವಾರ. ಆ ಹಾಳೆ ಹಿಡಿದು ಎದೆಯ ಡಾಕ್ಟರ ಹತ್ತಿರ ಹೋಗಿ. ಬರೀ ‘ಕೆಮ್ಮು’ ಅಂದರೆ ಒಂದು ಸಿರಪ್ ಬರೆದು ಕಳಿಸುತ್ತಾರೆ. ‘ಪಾರ್ಲರ್‌ನಲ್ಲಿ ಬ್ಲೀಚ್, ಕೆರಟಿನ್ ಮಾಡುತ್ತೇನೆ’ ಅಂತ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದಿಲ್ಲ. ಉಸಿರಾಡುವಾಗ ಸೀಟಿ ಹೊಡೆದ ಹಾಗೆ ಶಬ್ದ, ಎದೆ ಬಿಗಿತ, ಮೆಟ್ಟಿಲು ಹತ್ತಲು ಕಷ್ಟ, ಇವು ಇದ್ದರೆ ಮೂರು ವಾರ ಕಾಯಬೇಡಿ, ನಾಳೆಯೇ ಹೋಗಿ.

ಬ್ಲೀಚ್ ಪುಡಿ ಕಲಸುವಾಗ ಡಬ್ಬ ಅಲ್ಲಾಡಿಸಬೇಡಿ, ಮೇಲಿಂದ ಸುರಿಯಬೇಡಿ, ಚಮಚದಲ್ಲಿ ಮೆಲ್ಲಗೆ ತೆಗೆಯಿರಿ. ಎಕ್ಸಾಸ್ಟ್ ಹತ್ತಿರ ನಿಂತು ಕಲಸಿ. ಧೂಳು ಏಳದ, ಹರಳಿನ ಹಾಗಿರುವ ಅಥವಾ ಪೇಸ್ಟ್ ರೂಪದ ಬ್ಲೀಚ್ ಸಿಗುತ್ತದೆ, ಸ್ವಲ್ಪ ತುಟ್ಟಿ. ಆದರೆ ಪರೀಕ್ಷೆಯಲ್ಲಿ ಆಸ್ತಮಾ ಇದರಿಂದಲೇ ಅಂತ ಬಂದರೆ ಪೇಸ್ಟೂ ಬೇಡ, ಹೈಲೈಟನ್ನೇ ಪೂರ್ತಿ ಬಿಡಬೇಕು. ಇನ್ಹೇಲರ್ ತೆಗೆದುಕೊಂಡು ಅದೇ ಪುಡಿ ಕಲಸುತ್ತಾ ಇರುವುದು, ಸೋರುವ ದೋಣಿಯಲ್ಲಿ ಕೂತು ನೀರು ಮೊಗೆದ ಹಾಗೆ.

ಕೈ. ನಿಮ್ಮ ಬೆರಳ ಸಂದಿಯ ಒಡಕು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಉಂಗುರದ ಕೆಳಗೆ ಶುರುವಾಗಿ ಪಕ್ಕದ ಬೆರಳಿಗೆ ಹಬ್ಬಿದೆಯಾ? ಅಲ್ಲಿ ಶಾಂಪೂ ನೀರು ನಿಲ್ಲುತ್ತದೆ, ಒಣಗುವುದಿಲ್ಲ. ಕೆಲಸಕ್ಕೆ ಹೋಗುವಾಗ ಉಂಗುರ ಬಿಚ್ಚಿ ಪರ್ಸ್‌ನಲ್ಲಿಡಿ, ಅತ್ತೆ ಏನಾದರೂ ಅಂದರೆ ಡಾಕ್ಟ್ರು ಹೇಳಿದ್ದು ಅನ್ನಿ. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಕೈ ಒದ್ದೆ ಇದ್ದರೆ ಚರ್ಮದ ಮೇಲಿನ ಜಿಡ್ಡಿನ ಪದರ ತೊಳೆದುಹೋಗುತ್ತದೆ. ಆಮೇಲೆ ಬಣ್ಣ, ಪೆರಾಕ್ಸೈಡ್, ಸ್ಮೂದನಿಂಗ್ ಕ್ರೀಮಿನ ಥಯೋಗ್ಲೈಕೊಲೇಟ್ ಎಲ್ಲಾ ಬಾಗಿಲು ತೆರೆದ ಮನೆಗೆ ನುಗ್ಗಿದ ಹಾಗೆ ಒಳಗೆ ಬರುತ್ತವೆ. ಬಣ್ಣದಲ್ಲಿರುವ ಪಿಪಿಡಿ ಅನ್ನುವ ಕೆಮಿಕಲ್ ಇದರಲ್ಲಿ ದೊಡ್ಡ ಕಳ್ಳ. ‘ಕಾಳಿ ಮೆಹಂದಿ’ ಎಂದು ಇಲ್ಲಿ ಮಾರುತ್ತಾರಲ್ಲ, ಅದರಲ್ಲೂ ಇದೇ ಇರುತ್ತದೆ. ನಿಜವಾದ ಗೋರಂಟಿ ಕಪ್ಪು ಬರುವುದಿಲ್ಲ, ನಿಮಗೆ ಗೊತ್ತೇ ಇದೆ.

ಗ್ಲೌಸ್ ಹಾಕುತ್ತೇನೆ ಅನ್ನುತ್ತೀರಾ? ಯಾವಾಗ? ನಾನು ನೋಡಿದ ಪಾರ್ಲರ್‌ಗಳಲ್ಲಿ ಬಣ್ಣ ಹಚ್ಚುವಾಗ ಹಾಕಿಕೊಳ್ಳುತ್ತಾರೆ, ಅರ್ಧ ಗಂಟೆ ಬಿಟ್ಟು ತಲೆ ತೊಳೆಯುವಾಗ ಬಿಚ್ಚಿರುತ್ತಾರೆ. ಅಷ್ಟೂ ಬಣ್ಣ ಬರಿಗೈಯಲ್ಲಿ ಇಳಿಯುತ್ತದೆ. ತೊಳೆಯುವಾಗಲೇ ಗ್ಲೌಸ್ ಮುಖ್ಯ. ಬಣ್ಣದ ಡಬ್ಬಿಯೊಳಗೆ ಬರುವ ತೆಳು ಪ್ಲಾಸ್ಟಿಕ್ ಗ್ಲೌಸ್ ನೀರು ಒಳಗೆ ಬಿಡುತ್ತದೆ, ಅದು ಬೇಡ. ನೀಲಿ ನೈಟ್ರೈಲ್ ಗ್ಲೌಸ್ ನೂರರ ಡಬ್ಬದಲ್ಲಿ ಬರುತ್ತದೆ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಬರುವ ಉದ್ದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬಳಸಿದ್ದನ್ನು ತೊಳೆದು, ತಿರುಗಿಸಿ, ಪೌಡರ್ ಹಾಕಿ ಒಣಗಿಸಿ ಮತ್ತೆ ಹಾಕುವುದು ಗ್ಲೌಸ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಒಳಗೆ ಬಣ್ಣ ಉಳಿದು ದಿನವಿಡೀ ಬೆವರಲ್ಲಿ ನೆನೆಯುತ್ತದೆ. ಲ್ಯಾಟೆಕ್ಸ್ ಬೇಡ, ಕೆಲವರಿಗೆ ಅದೇ ಅಲರ್ಜಿ. ಕೈ ತೊಳೆದ ಮೇಲೆ ಟವೆಲ್‌ನಲ್ಲಿ ಸಂದಿ ಸಂದಿ ಒತ್ತಿ ಒರೆಸಿ, ರಾತ್ರಿ ವ್ಯಾಸಲಿನ್ ದಪ್ಪಗೆ ಹಚ್ಚಿ ಹಳೇ ಹತ್ತಿ ಸಾಕ್ಸ್ ಕೈಗೆ ಹಾಕಿಕೊಂಡು ಮಲಗಿ. ನಗಬೇಡಿ, ಒಂದೆರಡು ವಾರ ಮಾಡಿ ನೋಡಿ. ಮಾಡಿಯೂ ವಾಸಿ ಆಗದಿದ್ದರೆ ಮುಂಬೈಯ ಸಾಯನ್, ಕೆಇಎಂ, ನಾಯರ್ ಆಸ್ಪತ್ರೆಗಳ ಚರ್ಮದ ಓಪಿಡಿಗೆ ಹೋಗಿ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಯಾವುದಕ್ಕೆ ಅಲರ್ಜಿ ಅಂತ ಹೆಸರು ಹಿಡಿದು ಗೊತ್ತಾಗುತ್ತದೆ. ಮೆಡಿಕಲ್‌ನವರು ಕೊಡುವ ಸ್ಟಿರಾಯ್ಡ್ ಟ್ಯೂಬ್ ತಿಂಗಳುಗಟ್ಟಲೆ ಹಚ್ಚುವುದು ಬೇಡ.

ಗಿರಾಕಿಗೂ ಹೊಸ ಬಣ್ಣ ಹಾಕುವ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಬೇಕು. ಹುಬ್ಬಿಗೆ ತಲೆಯ ಬಣ್ಣ ಹಚ್ಚಲೇಬೇಡಿ. ಅಂಥ ಬಣ್ಣದ ಡಬ್ಬಿಯ ಮೇಲೆಯೇ ಕುರುಡಾಗಬಹುದು ಎಂಬ ಎಚ್ಚರಿಕೆ ಅಚ್ಚು ಹಾಕಬೇಕೆಂದು ನಮ್ಮ ನಿಯಮ ಹೇಳುತ್ತದೆ.

ನೇಲ್ ಕೆಲಸ ನೀವು ಮಾಡುವುದಿಲ್ಲ, ಹಾಗಾಗಿ ಚುಟುಕಾಗಿ. ಕೆರಟಿನ್ ಬಿಟ್ಟಿರಿ, ಜೆಲ್ ನೇಲ್ಸ್ ಕಲಿಯಿರಿ ಅಂತ ಓನರ್ ಹೇಳಿದರೆ, ಚರ್ಮಕ್ಕೆ ತಾಗದ ಹಾಗೆ ಕೆಲಸ ಮಾಡುವುದನ್ನು ಮೊದಲು ಕಲಿಯಿರಿ. ಗಟ್ಟಿಯಾಗದ ಜೆಲ್ಲಿನ ಅಕ್ರಿಲೇಟ್‌ಗೆ ಒಮ್ಮೆ ಅಲರ್ಜಿ ಬಂದರೆ ಮುಂದೆ ಹಲ್ಲಿನ ಡಾಕ್ಟರ ಹತ್ತಿರವೂ ಫಜೀತಿ, ಅವರು ತುಂಬುವ ಸಿಮೆಂಟಿನಲ್ಲೂ ಅದೇ ಜಾತಿಯ ವಸ್ತು ಇರುತ್ತದೆ. ಜೆಲ್ ಗಟ್ಟಿಯಾಗಲು ಹಾಕುವ ಟಿಪಿಓ ಅನ್ನುವ ವಸ್ತುವನ್ನು ಯುರೋಪ್ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಹಳೇ ಸ್ಟಾಕ್ ಇಲ್ಲಿ ಅಗ್ಗಕ್ಕೆ ಬಂದರೆ ಆಶ್ಚರ್ಯ ಇಲ್ಲ, ಲೇಬಲ್ ನೋಡಿ. ಮತ್ತೆ, ಹೆಸರಿಲ್ಲದ ಡಬ್ಬಿಯ ‘ಫಾರ್ಮುಲಾ’ ಬೆಳ್ಳಗಾಗುವ ಕ್ರೀಮ್ ಯಾರು ಕೊಟ್ಟರೂ ಗಿರಾಕಿಗೂ ಹಚ್ಚಬೇಡಿ, ನೀವೂ ಹಚ್ಚಬೇಡಿ. ಅಂಥದ್ದರಲ್ಲಿ ಎಷ್ಟೋ ಸಲ ಪಾದರಸ ಇರುತ್ತದೆ. ನಮ್ಮದೇ ರಾಜ್ಯದ ಅಕೋಲಾದಲ್ಲಿ ಒಂದೇ ಮನೆಯ ಮೂವರು ಹೆಂಗಸರಿಗೆ ಅದರಿಂದ ಕಿಡ್ನಿ ಕೆಟ್ಟದ್ದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಗೊತ್ತಾಯಿತು.

ಮಗುವಿನ ವಿಷಯ. ಪಾರ್ಲರ್ ಕೆಲಸ ಮಾಡುವವರಿಗೆ ಆರೋಗ್ಯವಂತ ಮಕ್ಕಳು ಹುಟ್ಟುತ್ತಲೇ ಇವೆ, ಅದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಆದರೆ ಕೆರಟಿನ್, ನೇಲ್ ಕೆಮಿಕಲ್ ಇವೆರಡನ್ನು ಯೋಚನೆ ಶುರುವಾದಾಗಲೇ ಬಿಡಿ, ಯಾಕೆಂದರೆ ಮೊದಲ ವಾರಗಳಲ್ಲಿ ಬಸುರಿ ಎಂದು ನಿಮಗೇ ಗೊತ್ತಿರುವುದಿಲ್ಲ. ಥ್ರೆಡಿಂಗ್, ಕಟಿಂಗ್, ಫೇಶಿಯಲ್ ಮಾಡಬಹುದು. ಗ್ಲೌಸ್ ಹಾಕಿ, ಗಾಳಿ ಇಟ್ಟುಕೊಂಡು ಬಣ್ಣವನ್ನೂ ಮಾಡಬಹುದು, ಬ್ಲೀಚ್ ಮಾತ್ರ ಪರೀಕ್ಷೆ ಆಗುವವರೆಗೆ ಬೇಡ. ಇಡೀ ದಿನ ನಿಂತೇ ಇರುವುದು ಬೇಡ, ಒಂದು ಎತ್ತರದ ಸ್ಟೂಲ್ ಕೇಳಿ.

ಓನರ್ ಮೇಡಂ ಹತ್ತಿರ ಹೇಗೆ ಮಾತಾಡುವುದು? ಕಾನೂನು, ಕೋರ್ಟು ಅಂತ ಶುರು ಮಾಡಬೇಡಿ. ನೀವೇ ಹೇಳಿದ ಹಾಗೆ ಒಳ್ಳೆಯವರು. ಅವರೂ ಅದೇ ರೂಮಿನಲ್ಲಿ ಕೂರುತ್ತಾರೆ. ‘ತಾಯೀ, ನಿಮಗೆ ತಲೆನೋವು ಬರುತ್ತದಲ್ಲ, ಅದೂ ಇದರಿಂದಲೇ ಇರಬಹುದು’ ಅಂತ ಶುರು ಮಾಡಿ, ಮೊಬೈಲ್‌ನಲ್ಲಿ ಹಿಂದಿನ ಲೇಬಲ್ ತೋರಿಸಿ. ಕೆರಟಿನ್ ಗಿರಾಕಿ ಹೋದರೆ ನಷ್ಟ ಅನ್ನುತ್ತಾರೆ, ಅದು ನಿಜವೂ ಹೌದು. ಕಾಸದೇ ಮಾಡುವ ಹೇರ್ ಸ್ಪಾ, ಡೀಪ್ ಕಂಡೀಷನಿಂಗ್ ಇಟ್ಟರೆ ಅಷ್ಟು ದುಡ್ಡು ಬರುವುದಿಲ್ಲ, ಆದರೆ ತಿಂಗಳಿಗೊಮ್ಮೆ ಬರುವ ಗಿರಾಕಿ ಸಿಗುತ್ತಾಳೆ.

ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಕತ್ತರಿಸುತ್ತಾರಾ ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅದು, ನಿಮ್ಮ ಪಾಲು ಶೇ 0.75, ಓನರ್ ಪಾಲು ಶೇ 3.25. ಕಾರ್ಡ್ ಇದ್ದರೆ ಠಾಣೆಯ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಬಹುದು. ಕೆಲಸದಿಂದ ಬಂದ ಆಸ್ತಮಾ ಇಎಸ್‌ಐನ ಕಸುಬಿನ ರೋಗಗಳ ಪಟ್ಟಿಯಲ್ಲಿ ಇದೆ, ಹಾಗಾಗಿ ಕೇಸ್ ಪೇಪರ್ ಮೇಲೆ ನಿಮ್ಮ ಕೆಲಸ ಏನು ಅಂತ ಬರೆಸಿಕೊಳ್ಳಿ. ‘ಗೃಹಿಣಿ’ ಅಂತ ಬರೆದುಬಿಡುತ್ತಾರೆ, ತಿದ್ದಿಸಿ.

ಪೀಕ್ ಫ್ಲೋ ಇವತ್ತೇ ಶುರು ಮಾಡಿ. ರಜೆ ದಿನ ಊದುವುದು ಬಿಡಬೇಡಿ, ಕೆಲಸಕ್ಕೆ ಹೋಗದ ದಿನದ ಅಂಕಿ ಇಲ್ಲದಿದ್ದರೆ ಹೋಲಿಸಲು ಡಾಕ್ಟರಿಗೆ ಏನೂ ಇರುವುದಿಲ್ಲ. ಹಾಳೆ ತುಂಬಿದ ಮೇಲೆ ಫೋಟೋ ತೆಗೆದು ನನಗೂ ಕಳಿಸಿ, ಜೊತೆಗೆ ಬಾಟಲಿಯ ಹಿಂದಿನ ಲೇಬಲ್ಲೂ.